ಸವೆದು ಉಳಿದ ಎತ್ತರ

ದೂರದ ಶಿಖರಗಳಿಗೆ ಮೊದಲು ಹತ್ತಿದವರ ಹೆಸರು ಅಂಟಿಕೊಂಡಿರುತ್ತದೆ. ಎವರೆಸ್ಟ್ ಎಂದರೆ ಸಾಕು, 1953ನೇ ಇಸವಿ, ತೇನ್‌ಸಿಂಗ್, ಹಿಲರಿ ಎಲ್ಲವೂ ಒಟ್ಟಿಗೇ ನೆನಪಾಗುತ್ತವೆ. ಊರ ಮಗ್ಗುಲಿನ ಬೆಟ್ಟಕ್ಕೆ ಈ ಭಾಗ್ಯವಿಲ್ಲ, ಈ ಹೊರೆಯೂ ಇಲ್ಲ. ಮೈಸೂರಿನ ಚಾಮುಂಡಿ ಬೆಟ್ಟವನ್ನು ಮೊಟ್ಟಮೊದಲು ಹತ್ತಿದವರು ಯಾರೆಂದು ಯಾರೂ ಕೇಳುವುದಿಲ್ಲ. ದನ ಅಟ್ಟಿಕೊಂಡು ಹೋದ ಹುಡುಗನೋ, ಸೌದೆಗೆ ಹೋದ ಹೆಂಗಸೋ ಇದ್ದಿರಬಹುದು. ಸಮುದ್ರಮಟ್ಟದಿಂದ ಸುಮಾರು 1,060 ಮೀಟರ್, ಊರಿನ ನೆಲದಿಂದ ನೋಡಿದರೆ ಹೆಚ್ಚೆಂದರೆ 300 ಮೀಟರ್ ಎತ್ತರ. ಬಾವುಟ ನೆಡುವಂಥ ಶಿಖರವಲ್ಲ. ಹತ್ತಿ ಬಂದವರನ್ನು ಮನೆಯಲ್ಲಿ ಯಾರೂ ಹಾರ ಹಾಕಿ ಬರಮಾಡಿಕೊಳ್ಳುವುದಿಲ್ಲ, "ಕಾಫಿ ಕುಡೀತೀಯಾ?" ಎಂದು ಕೇಳುತ್ತಾರೆ, ಅಷ್ಟೆ.

ಮೇಲಕ್ಕೆ ಹೋಗಲು ಕಷ್ಟಪಡಬೇಕಾದ ಅಗತ್ಯವೂ ಈಗಿಲ್ಲ. ನಗರ ಬಸ್ ನಿಲ್ದಾಣದಲ್ಲಿ 201ನೇ ನಂಬರಿನ ಬಸ್ಸು ಹತ್ತಿ ಕೂತರೆ, ಲಲಿತಮಹಲಿನ ಬಿಳಿ ಗುಮ್ಮಟವನ್ನು ದೂರದಿಂದ ನೋಡುತ್ತ, ತಿರುವುಗಳಲ್ಲಿ ವಾಲುತ್ತ, ಗುಡಿಯ ಹತ್ತಿರಕ್ಕೇ ಹೋಗಿ ಇಳಿಯಬಹುದು. ಆದರೂ ಬೆಳಗಿನ ಜಾವ ಐದೂವರೆಗೆ ಬೆಟ್ಟದ ಪಾದದಲ್ಲಿ ಜನ ಸೇರಿರುತ್ತಾರೆ. ಚಪ್ಪಲಿ ಬಿಟ್ಟು ಮೊದಲ ಮೆಟ್ಟಿಲಿಗೆ ಕೈಮುಗಿಯುವವರು, ಶೂ ದಾರ ಬಿಗಿದುಕೊಳ್ಳುವವರು, ಮೊಮ್ಮಗನ ಕೈಹಿಡಿದ ಅಜ್ಜಿಯರು, ಹಾಸ್ಟೆಲಿನ ಹುಡುಗರು. ಎಲ್ಲರೂ ಹತ್ತಿದ, ಇನ್ನೂ ಹತ್ತುತ್ತಲೇ ಇರುವ ಬೆಟ್ಟವನ್ನು ಮತ್ತೊಮ್ಮೆ ಹತ್ತಿ ಇವರೆಲ್ಲ ಪಡೆಯುವುದೇನು? ಗೆಲುವೆಂದರೆ ಗೆಲುವಲ್ಲ, ಹೊಸದೆಂದರೆ ಹೊಸದಲ್ಲ. ಆರೋಗ್ಯ ಎಂದು ಕೆಲವರು, ಭಕ್ತಿ ಎಂದು ಕೆಲವರು ಹೇಳುತ್ತಾರೆ. ಎರಡೂ ನಿಜವಾದ ಉತ್ತರಗಳೇ. ಈ ಎರಡು ಉತ್ತರಗಳಿಗೂ ಕೆಳಗೆ ಒಂದೇ ಬೇರು ಇದ್ದೀತು ಎಂಬ ಗುಮಾನಿ ನನ್ನದು. ಅದನ್ನು ಹುಡುಕುವುದಕ್ಕೇ ಈ ಬರಹ.

ಮೆಟ್ಟಿಲುಗಳಿಂದಲೇ ಶುರುಮಾಡಬೇಕು. ಸಾವಿರ ಮೆಟ್ಟಿಲು ಎಂಬುದು ರೂಢಿಯ ಮಾತು. ಎಣಿಸಿದವರ ಲೆಕ್ಕ ಒಬ್ಬೊಬ್ಬರದು ಒಂದೊಂದು. 1659ರಿಂದ 1673ರವರೆಗೆ ಆಳಿದ ದೊಡ್ಡದೇವರಾಜ ಒಡೆಯರ ಕಾಲದಲ್ಲಿ ಇವನ್ನು ಕಟ್ಟಿಸಿದರು. ಕಟ್ಟಿಸಿದ ಅರಸನ ಹೆಸರು ಉಳಿದಿದೆ. ಕಟ್ಟಿದವರ ಹೆಸರುಗಳು ಉಳಿದಿಲ್ಲ. ಬೆಟ್ಟದ ಇಳಿಜಾರನ್ನು ಅಳೆದು, ಮನುಷ್ಯನ ಕಾಲು ಎಷ್ಟು ಎತ್ತಬಲ್ಲದು ಎಂದು ಅಂದಾಜು ಮಾಡಿ, ಬಂಡೆ ಸೀಳಿ, ಕಲ್ಲು ಹೊತ್ತು, ಕೂರಿಸಿ, ಅಲುಗದಂತೆ ಸಂದಿಗೆ ಚಕ್ಕೆ ತುರುಕಿದ ಕಲ್ಲುಕುಟಿಗರು, ಹೊರೆಯಾಳುಗಳು ಮೆಟ್ಟಿಲೇ ಇಲ್ಲದ ಬೆಟ್ಟವನ್ನು ದಿನಕ್ಕೆ ಎಷ್ಟು ಸಲ ಹತ್ತಿಳಿದರೋ! ಮುಂದೆ ಬರುವ ಯಾರೋ ಸುಲಭವಾಗಿ ಹತ್ತಲಿ ಎಂದು ಅವರು ಕಷ್ಟಪಟ್ಟು ಹತ್ತಿದರು. ಮುನ್ನೂರೈವತ್ತು ವರ್ಷಗಳಾಚೆಗೆ ನಾವು ಹತ್ತುವಾಗ ಏದುಸಿರು ನಮ್ಮದೇ, ಕಾಲಡಿಯ ಭದ್ರತೆ ಮಾತ್ರ ಅವರದು. ಈ ಒಂದು ವಿಷಯ ನೆನಪಿದ್ದರೂ, ಬೆಟ್ಟ ಹತ್ತಿದೆನೆಂಬ ಹೆಮ್ಮೆ ಅರ್ಧ ಇಳಿಯುತ್ತದೆ.

ಮೆಟ್ಟಿಲು ಕಟ್ಟಿದ ಕಾಲಕ್ಕೆ ಅದು ದಾರಿ. ಮೇಲಿನ ದೇವರನ್ನು ಕಾಣಬೇಕಾದರೆ ಇದ್ದ ಅನುಕೂಲ. ಮೋಟಾರು ರಸ್ತೆ ಬಂದ ಮೇಲೆ ಅದೇ ಮೆಟ್ಟಿಲು ಬೇರೆಯೇ ಆಯಿತು. ಒಂದು ಕಲ್ಲೂ ಬದಲಾಗಲಿಲ್ಲ, ಆದರೆ ಅನುಕೂಲವಾಗಿದ್ದದ್ದು ಕಷ್ಟವಾಯಿತು, ಅನಿವಾರ್ಯವಾಗಿದ್ದದ್ದು ಆಯ್ಕೆಯಾಯಿತು. ಬೇರೆ ದಾರಿಯೇ ಇಲ್ಲದಾಗ ನಡೆದು ಹೋಗುವುದು ಒಂದು. ಬಸ್ಸು ಕಣ್ಣೆದುರೇ ಹೋಗುತ್ತಿರುವಾಗ ನಡೆದು ಹೋಗುವುದು ಇನ್ನೊಂದು. ಎರಡನೆಯದರಲ್ಲಿ ಒಂದು ಸಂಕಲ್ಪ ಇರಲೇಬೇಕು. ನಮ್ಮ ಜನ ಅದನ್ನು ಹರಕೆ ಎನ್ನುತ್ತಾರೆ. ದೇವರನ್ನು ನಂಬದವನು, ಬರೀ ಮೈ ಹಗುರಾಗಲಿ ಎಂದು ಹತ್ತುವವನು ಈ ಮಾತನ್ನು ಆಡದಿರಬಹುದು. ಆದರೆ ಅವನೂ ನಿದ್ದೆಯನ್ನು ಬಿಟ್ಟು ಬಂದಿದ್ದಾನೆ, ತನಗೆ ತಾನೇ ಕೊಟ್ಟುಕೊಂಡ ಮಾತಿಗೆ ಬಿದ್ದು ಬಂದಿದ್ದಾನೆ.

ಮೊದಲ ಇನ್ನೂರು ಮುನ್ನೂರು ಮೆಟ್ಟಿಲುಗಳಲ್ಲೇ ಬೆಟ್ಟ ತನ್ನ ಕೆಲಸ ಶುರುಮಾಡುತ್ತದೆ. ಪಾದದಲ್ಲಿ ಎಲ್ಲರೂ ಮಾತಾಡುತ್ತಿರುತ್ತಾರೆ. ಆಫೀಸಿನ ಸುದ್ದಿ, ಸೈಟಿನ ಬೆಲೆ, ಮಗಳ ಪರೀಕ್ಷೆ, ನೆಂಟರ ಮದುವೆಯಲ್ಲಿ ಆದ ಮನಸ್ತಾಪ. ಮೆಟ್ಟಿಲು ಕಡಿದಾಗುತ್ತಿದ್ದಂತೆ ವಾಕ್ಯಗಳು ಗಿಡ್ಡವಾಗುತ್ತವೆ. ಸ್ವಲ್ಪ ಹೊತ್ತಿಗೆ ಕ್ರಿಯಾಪದಗಳಷ್ಟೇ ಉಳಿಯುತ್ತವೆ. ಆಮೇಲೆ ಹೂಂ, ಉಹೂಂ. ಕೊನೆಗೆ ಉಸಿರು ಒಂದೇ. ಯಾರೂ ಮೌನವಾಗಿರಿ ಎಂದು ಬೋರ್ಡು ಹಾಕಿಲ್ಲ. ಮಾತಿಗೂ ಉಸಿರಿಗೂ ಎದೆಗೂಡು ಒಂದೇ ಆದ್ದರಿಂದ ಯಾವುದು ಮುಖ್ಯವೋ ಅದು ಉಳಿಯುತ್ತದೆ. ಮಾತು ನಿಂತ ಮೇಲೂ ಮನಸ್ಸು ಒಂದಷ್ಟು ದೂರ ಲೆಕ್ಕ ಹಾಕುತ್ತ ಬರುತ್ತದೆ: ಅವನು ಹಾಗೆ ಅಂದದ್ದು ಯಾಕೆ, ನಾನು ಹೀಗೆ ಹೇಳಬೇಕಿತ್ತು. ತೊಡೆ ಉರಿಯತೊಡಗಿದಾಗ ಆ ಲೆಕ್ಕವೂ ಸಡಿಲವಾಗುತ್ತದೆ. ಮುಂದಿನ ಮೆಟ್ಟಿಲು, ಅದರ ಮುಂದಿನ ಮೆಟ್ಟಿಲು, ಮರದ ನೆರಳು, ಎಲ್ಲೋ ಕೂಗಿದ ನವಿಲು. ಹತ್ತುವಾಗ ನಾವು ಏನೋ ಗಳಿಸುತ್ತಿದ್ದೇವೆ ಎಂದುಕೊಳ್ಳುತ್ತೇವೆ. ಹತ್ತಿದವರು ಗಮನಿಸಿದರೆ ಕಾಣುವುದು ಬೇರೆ: ಪ್ರತಿ ಮೆಟ್ಟಿಲಿಗೂ ಏನೋ ಒಂದು ಉದುರುತ್ತಿರುತ್ತದೆ.

ಈ ಮೆಟ್ಟಿಲುಗಳ ಮೇಲೆ ಅತಿ ನಿಧಾನವಾಗಿ ಹತ್ತುವವರು ಹರಕೆಯ ಹೆಣ್ಣುಮಕ್ಕಳು. ಒಂದು ಕೈಯಲ್ಲಿ ಅರಿಶಿನದ ಬಟ್ಟಲು, ಒಂದು ಕೈಯಲ್ಲಿ ಕುಂಕುಮದ ಬಟ್ಟಲು. ಮೆಟ್ಟಿಲು ಮೆಟ್ಟಿಲಿಗೂ ಬಾಗಿ ಬೆರಳಿನಿಂದ ಹಚ್ಚಿ, ಏಳುತ್ತಾರೆ, ಮತ್ತೆ ಬಾಗುತ್ತಾರೆ. ಆಷಾಢದ ಶುಕ್ರವಾರಗಳಲ್ಲಂತೂ ಮೆಟ್ಟಿಲ ಸಾಲು ಕೆಳಗಿನಿಂದ ಮೇಲಿನವರೆಗೆ ಕೆಂಪು ಹಳದಿ. ಸಾವಿರ ಮೆಟ್ಟಿಲು ಎಂದರೆ ಸಾವಿರ ಸಲ ಬಾಗುವುದು. ಮೇಲೆ ಬಂದ ಮೇಲೆ ನೋಡಿದರೆ ಮೊದಲ ಮೆಟ್ಟಿಲಿಗೆ ಇಟ್ಟ ಕುಂಕುಮ ಅಷ್ಟರಲ್ಲಿ ನೂರು ಜನರ ಕಾಲಿಗೆ ಅಂಟಿ ಹೋಗಿರುತ್ತದೆ. ಅವರಿಗೆ ಅದರ ಬೇಸರವಿಲ್ಲ. ಇಟ್ಟದ್ದು ಉಳಿಯಲಿ ಎಂದು ಅವರು ಇಟ್ಟದ್ದೇ ಅಲ್ಲ. "ಎಷ್ಟು ಹೊತ್ತಾಯ್ತಮ್ಮ?" ಎಂದು ದಾಟಿ ಹೋಗುವವರು ಕೇಳಿದರೆ, "ಎಷ್ಟಾದ್ರೂ ಆಗ್ಲಿ ಬಿಡಿ ಅಣ್ಣ, ತಾಯಿಗೆ ಹೇಳ್ಕೊಂಡಿದ್ದೀನಿ" ಎನ್ನುತ್ತಾರೆ.

ಅವರನ್ನು ನೋಡುವಾಗ ಒಂದು ವಿಷಯ ಸ್ಪಷ್ಟವಾಗುತ್ತದೆ. ಈ ಲೋಕದಲ್ಲಿ ಬಹಳಷ್ಟು ಕೆಲಸಗಳನ್ನು ಬೇರೆಯವರ ಕೈಲಿ ಮಾಡಿಸಬಹುದು. ಅಡುಗೆ ಮಾಡಿಸಬಹುದು, ಮನೆ ಕಟ್ಟಿಸಬಹುದು, ಪತ್ರ ಬರೆಸಬಹುದು. ಗುಡಿಯಲ್ಲಿ ಸೇವೆಯ ಚೀಟಿ ಮಾಡಿಸಿ ಹೆಸರು, ಗೋತ್ರ, ನಕ್ಷತ್ರ ಹೇಳಿದರೆ ನಮ್ಮ ಪರವಾಗಿ ಅರ್ಚಕರು ಸಂಕಲ್ಪ ಮಾಡಿ ಅರ್ಚನೆ ಮಾಡುತ್ತಾರೆ. ಹಾಸಿಗೆ ಹಿಡಿದವರ ಹೆಸರಿನಲ್ಲೂ ಮಾಡುತ್ತಾರೆ, ಮಾಡಬೇಕಾದದ್ದೇ. ಆದರೆ ಬೆಟ್ಟ ಹತ್ತುವುದನ್ನು ಮಾತ್ರ ಯಾರಿಗೂ ವಹಿಸಿಕೊಡಲಾಗದು. ನನ್ನ ಪರವಾಗಿ ಇನ್ನೊಬ್ಬ ಹತ್ತಿದರೆ ಹತ್ತಿದವನು ಅವನೇ. ದುಡ್ಡಿದ್ದವನಿಗೂ ಸಾವಿರ ಮೆಟ್ಟಿಲು, ಇಲ್ಲದವನಿಗೂ ಸಾವಿರ ಮೆಟ್ಟಿಲು. ಉಸಿರನ್ನು ಸಾಲ ತರಲಾಗದು. ಹರಕೆಯವರೂ ವ್ಯಾಯಾಮದವರೂ ಒಂದಾಗುವುದು ಇಲ್ಲಿಯೇ ಎಂದು ನನಗೆ ತೋರುತ್ತದೆ. ಇಬ್ಬರಿಗೂ ಗೊತ್ತಿಲ್ಲದಂತೆ ಒಂದೇ ಹಸಿವು ಇದೆ: ಪೂರಾ ತಾನೇ ಮಾಡಿದೆ ಎನ್ನಬಹುದಾದ ಒಂದಾದರೂ ಕೆಲಸ ದಿನದಲ್ಲಿ ಇರಲಿ ಎಂಬುದು. ಬದುಕಿನ ಎಲ್ಲವನ್ನೂ ಬೆರಳ ತುದಿಯಲ್ಲಿ ತರಿಸಿಕೊಳ್ಳುವ ಕಾಲ ಬಂದಷ್ಟೂ ಈ ಹಸಿವು ಹೆಚ್ಚಾಗಿದೆ. ಬೆಳಗಿನ ಜಾವ ಬೆಟ್ಟದ ಪಾದದಲ್ಲಿ ಸೇರುವ ಜನ ಕಡಿಮೆಯಾಗದಿರುವುದಕ್ಕೆ ಇದೂ ಒಂದು ಕಾರಣವಿರಬೇಕು.

ಪೂರಾ ತಾನೇ ಎಂದೆ. ಆದರೆ ಕಾಲಡಿಯ ಮೆಟ್ಟಿಲು ಬೇರೆಯವರದ್ದು ಎಂದೂ ಹೇಳಿದ್ದೇನೆ. ಎರಡೂ ಒಟ್ಟಿಗೆ ನಿಜ. ಈ ಬೆಟ್ಟದ ಜನಪದರು ಇದನ್ನು ಒಂದು ಕಥೆಯಲ್ಲಿ ಹೇಳಿದ್ದಾರೆ. ಪುರಾಣದ ದೇವಿ ಮಹಿಷನನ್ನು ಕೊಂದಳು ಎಂಬುದು ಎಲ್ಲರಿಗೂ ಗೊತ್ತು. ಮೈಸೂರು ಸೀಮೆಯ ಹಾಡುಗಾರರ ಬಾಯಲ್ಲಿ ಆ ಕಾಳಗ ಅಷ್ಟು ಸುಲಭದ್ದಲ್ಲ. ರಾಕ್ಷಸನ ನೆತ್ತರಿನ ಒಂದೊಂದು ಹನಿ ನೆಲಕ್ಕೆ ಬಿದ್ದಾಗಲೂ ಮತ್ತೊಬ್ಬ ರಾಕ್ಷಸ ಎದ್ದುಬರುತ್ತಾನೆ. ಕೊಂದಷ್ಟೂ ಹೆಚ್ಚಾಗುತ್ತಾರೆ. ಚಾಮುಂಡಿ ಸೋತು ಬೆವರುತ್ತಾಳೆ. ಆ ಬೆವರಿನಿಂದ ತಂಗಿ ಹುಟ್ಟುತ್ತಾಳೆ, ಉತ್ತನಹಳ್ಳಿಯ ತಾಯಿ. ಅವಳು ನಾಲಗೆ ಚಾಚಿ ಒಂದು ಹನಿಯೂ ನೆಲಕ್ಕೆ ಬೀಳದಂತೆ ನೋಡಿಕೊಂಡ ಮೇಲೆಯೇ ಅಕ್ಕ ಗೆಲ್ಲುವುದು. ಬೆಟ್ಟದ ತೆಂಕಣ ಮಗ್ಗುಲಿಗೆ ಉತ್ತನಹಳ್ಳಿಯಲ್ಲಿ ಆ ತಂಗಿಯ ಗುಡಿ ಇವತ್ತಿಗೂ ಇದೆ. ಬೆಟ್ಟಕ್ಕೆ ಬಂದವರು ಅಲ್ಲಿಗೂ ಹೋಗಿ ಬರುತ್ತಾರೆ. ದೇವಿಗೂ ಬೆವರು ಬರುತ್ತದೆ, ಬೆವರಿದವಳಿಗೆ ಜೊತೆ ಸಿಗುತ್ತದೆ ಎಂದು ಕಂಡವರು ದುಡಿಯುವ ಜನ. ತಾನು ಬೆವರದವನಿಗೆ ಜೊತೆಗಾರರ ಬೆಲೆ ತಿಳಿಯುವುದಿಲ್ಲ. ಅದಕ್ಕೇ ಇರಬೇಕು, ಮೆಟ್ಟಿಲ ಮೇಲೆ ಗುರುತಿಲ್ಲದವರೂ ಮಾತಾಡಿಸುತ್ತಾರೆ. "ಕೂತ್ಕೊಳ್ಳಿ ತಾತ, ಅರ್ಜೆಂಟೇನಿಲ್ಲ", "ಇನ್ನೇನು ನಂದಿ ಬಂತು ಅಕ್ಕ", "ನೀರು ಬೇಕಾ?" ಬಸ್ಸಿನಲ್ಲಿ ಪಕ್ಕದ ಸೀಟಿನವರು ಈ ಮಾತು ಆಡಬೇಕಾದ ಸಂದರ್ಭವೇ ಬರುವುದಿಲ್ಲ.

ಉಸಿರು ಹಿಡಿಯಲು ಕೂತಾಗ ಕೈ ಊರಿದ ಬಂಡೆಯ ಕಥೆ ಇನ್ನೂ ಹಳೆಯದು. ಹಿಮಾಲಯ ಎದ್ದುನಿಂತ ಪರ್ವತ. ಭರತಖಂಡದ ನೆಲ ಉತ್ತರಕ್ಕೆ ಸರಿದು ಏಷ್ಯಾಕ್ಕೆ ಡಿಕ್ಕಿ ಹೊಡೆದು, ನಡುವಿನ ನೆಲ ಮಡಿಕೆಯಾಗಿ ಮೇಲೆದ್ದದ್ದು. ಶುರುವಾಗಿ ಸುಮಾರು 5 ಕೋಟಿ ವರ್ಷವಾಯಿತು, ಇನ್ನೂ ಏಳುತ್ತಲೇ ಇದೆ. ಚಾಮುಂಡಿ ಬೆಟ್ಟದ ಕಥೆ ಇದಕ್ಕೆ ತಿರುವುಮುರುವು. ಇದರ ಗ್ರಾನೈಟ್ ಕಲ್ಲು ಸುಮಾರು 80 ಕೋಟಿ ವರ್ಷಗಳ ಹಿಂದೆ ನೆಲದ ಆಳದಲ್ಲಿ, ಕಾದು ಕರಗಿದ ಶಿಲಾರಸ ನಿಧಾನಕ್ಕೆ ತಣ್ಣಗಾಗಿ ಗಟ್ಟಿಯಾದದ್ದು. ಆಗ ಬೆಟ್ಟವಿರಲಿಲ್ಲ. ಈ ಕಲ್ಲಿನ ಮೇಲೆಯೂ ಸುತ್ತಲೂ ಇನ್ನೂ ಹಳೆಯ ನೈಸ್ ಶಿಲೆಯ ನೆಲವಿತ್ತು. ಮಳೆ, ಬಿಸಿಲು, ಗಾಳಿ, ಬೇರು, ಹರಿವ ನೀರು ಕೋಟಿ ಕೋಟಿ ವರ್ಷ ಆ ನೆಲವನ್ನು ಕೊರೆದು ಹೊತ್ತೊಯ್ದವು. ಮೆದುವಾದದ್ದು ಸವೆದುಹೋಯಿತು. ಗಟ್ಟಿಯಾದದ್ದು ಅಷ್ಟು ಬೇಗ ಸವೆಯಲಿಲ್ಲ. ಸುತ್ತಲಿನ ನೆಲ ತಗ್ಗಿದಾಗ ಇದು ಎತ್ತರವಾಗಿ ಕಂಡಿತು. ಅಂದರೆ ಈ ಬೆಟ್ಟ ಬೆಳೆದು ಎತ್ತರವಾದದ್ದಲ್ಲ, ಸವೆತದ ನಡುವೆ ಉಳಿದು ಎತ್ತರವಾದದ್ದು.

ಇದನ್ನು ತಿಳಿದ ಮೇಲೆ ಎತ್ತರದ ಬಗ್ಗೆ ನನ್ನ ಕಲ್ಪನೆಯೇ ಬದಲಾಯಿತು. ಎತ್ತರ ಎಂದರೆ ಮೇಲೆ ಮೇಲೆ ಪೇರಿಸುವುದು ಎಂದು ನಮಗೆ ಚಿಕ್ಕಂದಿನಿಂದ ಕಲಿಸಿದ್ದಾರೆ. ಅಂಕದ ಮೇಲೆ ಅಂಕ, ಪದವಿಯ ಮೇಲೆ ಪದವಿ, ಮಹಡಿಯ ಮೇಲೆ ಮಹಡಿ. ಇನ್ನೊಂದು ಬಗೆಯ ಎತ್ತರವೂ ಇದೆ. ಎಲ್ಲ ಸವೆದ ಮೇಲೆ ಯಾವುದು ಸವೆಯದೆ ನಿಲ್ಲುತ್ತದೋ ಅದರ ಎತ್ತರ. ವಯಸ್ಸಾದ ಕೆಲವರನ್ನು ಕಂಡಾಗ ಅದು ಅರಿವಿಗೆ ಬರುತ್ತದೆ. ಕೆಲಸ ಹೋಗಿದೆ, ಅಧಿಕಾರ ಹೋಗಿದೆ, ಜೊತೆಯವರು ಒಬ್ಬೊಬ್ಬರೇ ಹೋಗಿದ್ದಾರೆ. ಆದರೂ ಅವರ ಎದುರು ಕೂತರೆ ದೊಡ್ಡವರೊಬ್ಬರ ಎದುರು ಕೂತ ಹಾಗಾಗುತ್ತದೆ. ಅವರೊಳಗಿನ ಯಾವುದೋ ಗಟ್ಟಿ ಸುತ್ತಲಿನದೆಲ್ಲ ತಗ್ಗಿದ್ದರಿಂದಲೇ ಕಣ್ಣಿಗೆ ಬಿದ್ದಿರುತ್ತದೆ.

ಮುಕ್ಕಾಲು ದಾರಿ ಹತ್ತಿದ ಮೇಲೆ ಸಿಗುವ ನಂದಿ ಇದೇ ಮಾತನ್ನು ಮನುಷ್ಯನ ಅಳತೆಯಲ್ಲಿ ಹೇಳುತ್ತದೆ. ಇದೂ ದೊಡ್ಡದೇವರಾಜರ ಕಾಲದ್ದೇ. ಸುಮಾರು 16 ಅಡಿ ಎತ್ತರ, 25 ಅಡಿ ಉದ್ದ. ಎಲ್ಲಿಂದಲೋ ತಂದು ನಿಲ್ಲಿಸಿದ್ದಲ್ಲ. ಅಲ್ಲಿಯೇ ಇದ್ದ ಒಂದೇ ಬಂಡೆಯನ್ನು ಕಡೆದು ಮಾಡಿದ್ದು. ಕೊರಳ ಗಂಟೆಗಳು, ಮಣಿಸರಗಳು, ಮಡಿಸಿದ ಕಾಲು, ಶಾಂತವಾದ ಮುಖ ಇವೆಲ್ಲ ಮೊದಲಿನಿಂದಲೂ ಅಲ್ಲಿದ್ದ ಕಲ್ಲೇ. ಶಿಲ್ಪಿ ಹೊಸದಾಗಿ ಏನನ್ನೂ ಸೇರಿಸಲಿಲ್ಲ. ಉಳಿಯಿಂದ ತೆಗೆಯುತ್ತ ಹೋದ, ನಿಲ್ಲಿಸಬೇಕಾದಲ್ಲಿ ನಿಲ್ಲಿಸಿದ. ಕೋಟಿ ವರ್ಷ ಮಳೆ ಕುರುಡಾಗಿ ಮಾಡಿದ ಕೆಲಸವನ್ನು ಅವನು ಕಣ್ತೆರೆದು ಮಾಡಿದ. ಎಷ್ಟು ತೆಗೆಯಬೇಕು ಎಂಬುದಕ್ಕಿಂತ ಎಲ್ಲಿ ನಿಲ್ಲಿಸಬೇಕು ಎಂಬುದು ಅವನ ವಿದ್ಯೆ. ಇನ್ನೊಂದು ಏಟು ಹೆಚ್ಚಾಗಿದ್ದರೆ ಕಿವಿ ಮುರಿಯುತ್ತಿತ್ತು. ತೊರೆಯುವುದನ್ನು ಹೊಗಳುವಾಗ ಇದನ್ನೂ ಮರೆಯಬಾರದು. ಎಲ್ಲವನ್ನೂ ಕಳಚಿಹಾಕುತ್ತೇನೆ ಎಂಬ ಹಟದಲ್ಲಿ ಇರಬೇಕಾದದ್ದನ್ನೂ ಒಡೆದುಕೊಂಡವರಿದ್ದಾರೆ. ಬೆಟ್ಟ ಹತ್ತುವಾಗ ಮಾತು ಉದುರಿದರೂ ಜೊತೆಯವರ ಮೇಲಿನ ಕಾಳಜಿ ಉದುರುವುದಿಲ್ಲ, ಅದು ಹೆಚ್ಚುತ್ತದೆ. ಅಲ್ಲಿಗೆ ಉಳಿ ನಿಲ್ಲಬೇಕು. ನಂದಿಯ ಹಿಂದೆ ಬಂಡೆಯ ಕೆಳಗೆ ಒಂದು ಚಿಕ್ಕ ಗವಿಯಲ್ಲಿ ಶಿವನಿದ್ದಾನೆ. ದೊಡ್ಡ ನಂದಿಯನ್ನು ನೋಡಿ ಅನೇಕರು ಅಲ್ಲಿಗೆ ಬಗ್ಗಿ ನೋಡದೆಯೇ ಮುಂದೆ ಹೋಗುತ್ತಾರೆ.

ನೆತ್ತಿಯ ಮೇಲೆ ಜನ, ಅಂಗಡಿ, ಹೂವು, ಗೊಂಬೆ, ಕಡ್ಲೆಪುರಿ. ಖಡ್ಗ ಹಿಡಿದ ಮಹಿಷಾಸುರನ ಬಣ್ಣಬಣ್ಣದ ಪ್ರತಿಮೆಯ ಮುಂದೆ ಫೋಟೊ ತೆಗೆಸಿಕೊಳ್ಳುವವರ ಸಾಲು. ಏಳು ನೆಲೆಯ ಗೋಪುರವನ್ನು 1827ರಲ್ಲಿ ಕಟ್ಟಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರು. ಗುಡಿಯೊಳಗೆ ಅವರದೂ ಅವರ ರಾಣಿಯರದೂ ಕೈಮುಗಿದು ನಿಂತ ವಿಗ್ರಹಗಳಿವೆ. ದರ್ಶನದ ಅವಸರದಲ್ಲಿ ಅವನ್ನು ಗಮನಿಸುವವರು ಕಡಿಮೆ. ನನಗೆ ಮಾತ್ರ ಗುಡಿಯೊಳಗೆ ಬಹಳ ಹೊತ್ತು ಕಾಡುವುದು ಅವೇ. ಟಿಪ್ಪು ಮಡಿದ 1799ರಲ್ಲಿ ಇನ್ನೂ ಐದು ವರ್ಷದ ಮಗುವಾಗಿ ಪಟ್ಟಕ್ಕೆ ಬಂದವರು. 1831ರಲ್ಲಿ ಇಂಗ್ಲಿಷರು ಆಡಳಿತವನ್ನು ಅವರ ಕೈಯಿಂದ ಕಿತ್ತುಕೊಂಡರು. ಮರಳಿ ಪಡೆಯಲು 1868ರಲ್ಲಿ ಸಾಯುವವರೆಗೂ ಪ್ರಯತ್ನಿಸಿದರು. ಅವರ ಕಣ್ಣಮುಂದೆ ಅದು ಬರಲಿಲ್ಲ. ರಾಜ್ಯ ಒಡೆಯರ ಮನೆಗೆ ಹಿಂತಿರುಗಿದ್ದು 1881ರಲ್ಲಿ. ಆಳುವ ಕೆಲಸ ಹೋದ ಆ ಮೂವತ್ತೇಳು ವರ್ಷಗಳಲ್ಲಿ ಅವರು ಪಂಡಿತರನ್ನು ಸಾಕಿದರು, ಗ್ರಂಥಗಳನ್ನು ಬರೆಸಿದರು, ಚದುರಂಗದಂಥ ಆಟಗಳಲ್ಲಿ ಹೊಸ ಹೊಸ ಬಗೆಗಳನ್ನು ಕಟ್ಟಿದರು. 'ಶ್ರೀತತ್ತ್ವನಿಧಿ' ಎಂಬ ಚಿತ್ರಗಳಿಂದ ತುಂಬಿದ ಮಹಾಗ್ರಂಥ ಅವರ ಹೆಸರಿನಲ್ಲಿ ಉಳಿದಿದೆ. ರಾಜ್ಯ ಕಳಚಿತು, ಕಲೆ, ವಿದ್ಯೆ, ಮುಗಿದ ಕೈ ಉಳಿದವು. ಸೋಲನ್ನು ಹೊಗಳಬೇಕಾಗಿಲ್ಲ, ಕಿತ್ತುಕೊಂಡವರನ್ನು ಕ್ಷಮಿಸಬೇಕಾಗಿಯೂ ಇಲ್ಲ. ಆದರೆ ಸವೆತ ಯಾರನ್ನೂ ಬಿಡುವುದಿಲ್ಲ ಎಂದಾದ ಮೇಲೆ ಅದರ ಕೆಳಗೆ ನಮ್ಮಲ್ಲಿ ಯಾವ ಕಲ್ಲು ಇದೆ ಎಂಬ ಪ್ರಶ್ನೆ ಎಲ್ಲರಿಗೂ ಸೇರಿದ್ದು.

ಬೆಟ್ಟದ ಮೇಲೆ ಇನ್ನೂ ಹಳೆಯ ಮಹಾಬಲೇಶ್ವರನ ಗುಡಿ ಇದೆ. ಚಾಮುಂಡಿಯ ಹೆಸರು ಬೆಟ್ಟಕ್ಕೆ ನಿಲ್ಲುವ ಮೊದಲು ಇದು ಅವನ ಬೆಟ್ಟ. ದೊಡ್ಡ ಗೋಪುರದ ಪಕ್ಕದಲ್ಲೇ ಆ ತಗ್ಗಿದ ಗುಡಿಯಲ್ಲಿ ಜನ ಕಡಿಮೆ, ತಂಪು ಹೆಚ್ಚು. ಇತ್ತ ದಸರೆಯ ಜಂಬೂಸವಾರಿಯಲ್ಲಿ ಒಂದು ಕಾಲಕ್ಕೆ ಚಿನ್ನದ ಅಂಬಾರಿಯಲ್ಲಿ ಅರಸರು ಕೂರುತ್ತಿದ್ದರು. ಅರಸೊತ್ತಿಗೆ ಹೋದ ಮೇಲೆ 750 ಕಿಲೋ ತೂಕದ ಅದೇ ಅಂಬಾರಿಯಲ್ಲಿ ದೇವಿಯ ಮೂರ್ತಿ ಕೂತು ಬರುತ್ತದೆ. ಹೆಸರುಗಳು ಬದಲಾದವು, ಕೂತವರು ಬದಲಾದರು, ಬೆಟ್ಟದ ಕಡೆ ತಿರುಗಿ ಕೈಮುಗಿಯುವ ಅಭ್ಯಾಸ ಬದಲಾಗಲಿಲ್ಲ.

ನೆತ್ತಿಯ ಅಂಚಿನಲ್ಲಿ ನಿಂತರೆ ಊರು ಕಾಣುತ್ತದೆ. ಅರಮನೆಯ ಕೆಂಪು ಗುಮ್ಮಟಗಳು, ಕುದುರೆ ರೇಸಿನ ಬಯಲು, ಕಾರಂಜಿ ಕೆರೆ, ದೂರಕ್ಕೆ ಕುಕ್ಕರಹಳ್ಳಿ ಕೆರೆ, ಫಿಲೋಮಿನಾ ಚರ್ಚಿನ ಜೋಡಿ ಶಿಖರ. ಆ ಅರಮನೆಯೂ ಹಳೆಯದಲ್ಲ. ಮರದ ಹಳೆಯ ಅರಮನೆ 1897ರಲ್ಲಿ ಸುಟ್ಟುಹೋಗಿ, 1912ರಲ್ಲಿ ಇದು ಮುಗಿಯಿತು. ಮೇಲಿನಿಂದ ನೋಡಿದಾಗ ಊರು ಚಿಕ್ಕದಾಗಿ ಕಾಣುತ್ತದೆ, ನಮ್ಮ ಕಷ್ಟಗಳೂ ಚಿಕ್ಕವಾಗುತ್ತವೆ ಎಂದು ಹೇಳುವುದುಂಟು. ನನಗೆ ಆ ಮಾತು ಒಪ್ಪಿಗೆಯಾಗುವುದಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಕಾಯುತ್ತಿರುವವರ ಕಷ್ಟ ಬೆಟ್ಟದಿಂದ ಕಾಣದೆ ಹೋದರೆ ಅದು ಬೆಟ್ಟದ ದೋಷ, ಕಷ್ಟ ಚಿಕ್ಕದೇನಲ್ಲ. ಮೇಲಿನಿಂದ ನಿಜವಾಗಿ ಕಾಣುವುದು ಇಷ್ಟು: ಊರು ಯಾವ ದಿಕ್ಕಿಗೆ ಹರಿಯುತ್ತಿದೆ ಎಂಬುದು. ಒಂದು ಕಾಲಕ್ಕೆ ಬೆಟ್ಟಕ್ಕೂ ಊರಿಗೂ ನಡುವೆ ಹೊಲ, ತೋಪು, ಖಾಲಿ ಬಯಲು ಇದ್ದವು. ಈಗ ಬಡಾವಣೆಗಳು ಪಾದದವರೆಗೆ ಬಂದು ನಿಂತಿವೆ. ರಸ್ತೆ ಅಗಲವಾಗಿದೆ, ವಾಹನಗಳು ಹೆಚ್ಚಿವೆ, ನೆತ್ತಿಯ ಮೇಲೆ ಕಟ್ಟಡಗಳು ಏಳುತ್ತಲೇ ಇವೆ. ಇಳಿಜಾರಿನ ಕುರುಚಲು ಕಾಡಿನಲ್ಲಿ ಚಿರತೆಗಳು ಇನ್ನೂ ಇವೆ, ಆದರೆ ಅವುಗಳ ದಾರಿ ನಮ್ಮ ದಾರಿಯನ್ನು ಅಡ್ಡ ಹಾಯಬೇಕಾಗಿದೆ.

2021ರ ಅಕ್ಟೋಬರಿನ ಮಳೆಯಲ್ಲಿ ನಂದಿಯ ಕಡೆಗೆ ಹೋಗುವ ರಸ್ತೆ ಕುಸಿಯಿತು. ಕೋಟಿ ವರ್ಷ ಸವೆತವನ್ನು ತಾಳಿದ ಬೆಟ್ಟಕ್ಕೆ ಇದೇನು ದೊಡ್ಡದು ಎನ್ನಬಹುದು. ಆದರೆ ಸವೆತಕ್ಕೂ ಕೊರೆತಕ್ಕೂ ವ್ಯತ್ಯಾಸವಿದೆ. ಮಳೆಯ ಸವೆತಕ್ಕೆ ಬೆಟ್ಟ ಒಗ್ಗಿಕೊಂಡಿದೆ. ಬರಿಗಾಲಿನ ಸವೆತಕ್ಕೂ ಮೆಟ್ಟಿಲು ಒಗ್ಗಿಕೊಂಡಿದೆ, ನಯವಾಗಿದೆ. ಇಳಿಜಾರನ್ನು ಯಂತ್ರದಿಂದ ಅಡ್ಡ ಸೀಳಿ, ನೀರು ಹರಿಯುವ ಜಾಡನ್ನು ಮುಚ್ಚಿ, ಬಂಡೆಯನ್ನು ಹಿಡಿದಿಟ್ಟ ಮಣ್ಣನ್ನು ಸಡಿಲಿಸಿದರೆ ಕಲ್ಲಿನ ಗಟ್ಟಿತನ ಏನು ಮಾಡೀತು? ಬೆಟ್ಟಕ್ಕೆ ರೋಪ್‌ವೇ ಹಾಕುವ ಪ್ರಸ್ತಾಪ ಮತ್ತೆ ಮತ್ತೆ ಬಂದಿದೆ, ಊರಿನ ಜನ ಮತ್ತೆ ಮತ್ತೆ ಬೇಡ ಎಂದಿದ್ದಾರೆ. ಹತ್ತಲಾರದವರು, ಗಾಲಿಕುರ್ಚಿಯವರು, ಎಂಬತ್ತರ ಅಜ್ಜ ಅಜ್ಜಿಯರು ತಾಯಿಯನ್ನು ನೋಡಬೇಕು, ಅದರಲ್ಲಿ ಎರಡು ಮಾತಿಲ್ಲ. ಅವರಿಗೆ ರಸ್ತೆ ಇದೆ, ಬಸ್ಸು ಇದೆ. ಆಷಾಢದಲ್ಲಿ ಸ್ವಂತ ವಾಹನಗಳನ್ನು ಕೆಳಗೇ ತಡೆದು ಎಲ್ಲರನ್ನೂ ಬಸ್ಸಿನಲ್ಲಿ ಕಳಿಸುವ ಏರ್ಪಾಟು ಚೆನ್ನಾಗಿ ನಡೆದಿರುವಾಗ, ವರ್ಷದ ಉಳಿದ ದಿನಗಳಲ್ಲಿ ಅದು ಆಗದೆನ್ನಲು ಕಾರಣ ಕಾಣೆ. ಬೆಟ್ಟದ ಮೇಲೆ ಒಂದು ಸೌಲಭ್ಯ ಹೆಚ್ಚಿಸುವಾಗ, ಇದು ಹತ್ತಲಾರದವರಿಗೋ, ಹತ್ತಲೊಲ್ಲದವರಿಗೋ ಎಂದು ಕೇಳಿಕೊಳ್ಳಬೇಕು. ಮೊದಲನೆಯದು ಕರುಣೆ. ಎರಡನೆಯದಕ್ಕೆ ಕೊನೆಯಿಲ್ಲ.

ಇಳಿಯುವಾಗ ಮಂಡಿ ನಡುಗುತ್ತದೆ, ಮಾತು ಮರಳುತ್ತದೆ. ಸೈಟಿನ ಬೆಲೆ, ಮಗಳ ಪರೀಕ್ಷೆ ಎಲ್ಲ ಬಿಟ್ಟುಬಂದ ಮೆಟ್ಟಿಲಲ್ಲೇ ಕಾಯುತ್ತಿದ್ದವೇನೋ ಎಂಬಂತೆ ಒಂದೊಂದಾಗಿ ಹೆಗಲೇರುತ್ತವೆ. ಹಾಗಾದರೆ ಹತ್ತಿದ್ದರಿಂದ ಆದದ್ದೇನು? ಮನಸ್ಸು ಮತ್ತೆ ತುಂಬಿಕೊಳ್ಳುತ್ತದೆ, ನಿಜ. ಆದರೆ ಇವೆಲ್ಲ ಇಲ್ಲದೆಯೂ ನಾನು ಒಂದಷ್ಟು ಹೊತ್ತು ಇದ್ದೆ, ಚೆನ್ನಾಗಿಯೇ ಇದ್ದೆ ಎಂಬುದು ಮೈಗೆ ಗೊತ್ತಾಗಿರುತ್ತದೆ. ಉಪದೇಶ ಕೇಳಿ ತಿಳಿದದ್ದಾಗಿದ್ದರೆ ಮಧ್ಯಾಹ್ನದೊಳಗೆ ಮರೆತುಹೋಗುತ್ತಿತ್ತು. ಇದು ತೊಡೆಯ ನೋವಿನ ಜೊತೆ ಎರಡು ದಿನವಾದರೂ ಇರುತ್ತದೆ. ನೋವು ಹೋದ ಮೇಲೆ ಮರೆಯುತ್ತೇವೆ; ಮತ್ತೆ ಹತ್ತುತ್ತೇವೆ. ಒಂದೇ ಬೆಟ್ಟವನ್ನು ಸಲ ಸಲಕ್ಕೂ ಹತ್ತುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಅದಕ್ಕೇ ಬೆಟ್ಟ ಊರ ಪಕ್ಕದಲ್ಲೇ ಇರಬೇಕು. ಹಿಮಾಲಯಕ್ಕೆ ಜನ್ಮದಲ್ಲಿ ಒಂದು ಸಲ ಹೋಗಬಹುದು. ಮರೆಯುವ ಮನುಷ್ಯನಿಗೆ ನಿತ್ಯ ನೆನಪಿಸುವ ಬೆಟ್ಟ ನಡೆದು ತಲುಪುವಷ್ಟು ಹತ್ತಿರದಲ್ಲಿರಬೇಕು.

ಬೆಟ್ಟ ಒಬ್ಬೊಬ್ಬ ಮನುಷ್ಯನಿಗೆ ಕಲಿಸಿದ್ದನ್ನು ಊರು ಒಟ್ಟಾಗಿ ಕಲಿಯುವುದು ಬಾಕಿ ಇದೆ. ಹತ್ತುವವನು ಹೊತ್ತು ತಂದದ್ದನ್ನು ಕೆಳಗಿಟ್ಟಷ್ಟೂ ಹಗುರಾಗುತ್ತಾನೆ. ನಂದಿಯನ್ನು ಕಡೆದವನು ಎಲ್ಲಿ ನಿಲ್ಲಿಸಬೇಕೆಂದು ಬಲ್ಲವನಾಗಿದ್ದ. ಊರು ಮಾತ್ರ ಬೆಟ್ಟದ ಮೇಲೆ ಏನಾದರೊಂದನ್ನು ಇಡುವುದೇ ಭಕ್ತಿ ಎಂದುಕೊಂಡಿದೆ. ಮನುಷ್ಯರು ಹರಕೆ ಹೊರುತ್ತಾರೆ: ಒಂದು ಹೊತ್ತು ಊಟ ಬಿಡುತ್ತೇನೆ, ಮೆಟ್ಟಿಲು ಹತ್ತಿ ಬರುತ್ತೇನೆ ಎಂದು. ಊರಿಗೂ ಒಂದು ಹರಕೆ ಇರಬಾರದೇಕೆ? ಈ ಬೆಟ್ಟದ ಮೇಲೆ ನಾವು ಇನ್ನು ಏನನ್ನೂ ಕಟ್ಟುವುದಿಲ್ಲ, ಇದ್ದ ರಸ್ತೆಗಿಂತ ಹೆಚ್ಚು ಸೀಳುವುದಿಲ್ಲ, ಮಳೆಯ ನೀರಿಗೆ ಅದರ ದಾರಿ ಬಿಡುತ್ತೇವೆ, ಚಿರತೆಗೆ ಅದರ ಇರುಳು ಬಿಡುತ್ತೇವೆ ಎಂದು. ಹರಕೆಯ ಹೆಣ್ಣುಮಕ್ಕಳು ಸಾವಿರ ಸಲ ಬಾಗುತ್ತಾರೆ. ಲಕ್ಷಾಂತರ ಜನರ ಊರು ಒಂದು ಸಲ ಬಾಗಿದರೆ ಸಾಕು, ಮುಂದಿನವರಿಗೂ ಹತ್ತಲು ಬೆಟ್ಟವೊಂದು ಉಳಿಯುತ್ತದೆ. ಮೆಟ್ಟಿಲು ಕಟ್ಟಿ ಹೆಸರು ಬಿಡದೆ ಹೋದವರಿಗೆ ನಾವು ತೀರಿಸಬಹುದಾದ ಋಣ ಇಷ್ಟೇ.